ನಂಜುಂಡಪ್ಪನವರ ಗಿಟಾರ್

ಹಳೇ ವಾದ್ಯಗಳಿಗೆ ಬೆಲೆ ಕಟ್ಟುವಾಗ ದಾಕ್ಷಿಣ್ಯ ನನಗೆ ಆಗಿಬರುವುದಿಲ್ಲ. ತಂಡಕ್ಕೆ ಹೊಸ ಸ್ಪೀಕರ್ ಕೊಳ್ಳಬೇಕೆಂದು ಅಮೃತೂರಿನ ಆರ್ಕೆಸ್ಟ್ರಾ ನಂಜುಂಡಪ್ಪನವರು ತಮ್ಮ ಐವತ್ತು ವರ್ಷದ ಎಲೆಕ್ಟ್ರಿಕ್ ಗಿಟಾರನ್ನು ಶಿರಾ ಗೇಟಿನ ನನ್ನ ಅಂಗಡಿಗೆ ತಂದರು. ತಂತಿಯ ನಾದ ಹಿಡಿಯುವ ಪಿಕಪ್‌ಗಳನ್ನೇ ಬದಲಾಯಿಸಿಬಿಟ್ಟಿದ್ದರು.

“ಮೊದಲಿನ ಪಿಕಪ್ ಇಲ್ಲದಿದ್ದರೆ ಅರ್ಧ ಬೆಲೆ,” ಎಂದೆ.

“ಅರ್ಧನಾ? ಹಂಗಾದ್ರೆ ಸ್ಪೀಕರ್ ಇಲ್ದೆ ಬಾಯಲ್ಲೇ ಕೂಗ್ಬೇಕಾಯ್ತದೆ ಬುಡಿ ಸಾರ್! ಹಳೇವು ಮನೇಲವೆ.”

“ಎಸೆದಿಲ್ಲವೇ?”

“ಅನ್ನ ಹಾಕಿದ್ದನ್ನ ಯಾರಾನಾ ಎಸೀತಾರಾ? ದೇವ್ರ ಮನೇಲಿಟ್ಟಿದೀನಿ. ಆಯುಧಪೂಜೆಗೆ ಅರಿಶಿನ ಕುಂಕುಮ ಇಡ್ತೀವಿ.”

ಮರುದಿನ ತಂದರು. ಕುಂಕುಮ ಒರೆಸಿ ಜೋಡಿಸಿದೆ, ಎರಡೂ ನುಡಿದವು. ಪೂರ್ತಿ ಬೆಲೆ ಬರೆದೆ.

ನನ್ನ ವರದಿಯಲ್ಲಿ ‘ಬಿಡಿಭಾಗ ಕಾಪಾಡಿದ ವಿಧಾನ’ ಎಂಬ ಕಾಲಂ ಇದೆ. ಸುಳ್ಳು ಬರೆಯುವವನಲ್ಲ ನಾನು. ‘ವರ್ಷಕ್ಕೊಮ್ಮೆ ಪೂಜೆ’ ಎಂದು ತುಂಬಿದೆ.