ಎರಡು ಬೆರಳು, ಎರಡು ಸಲ

ಭಾವ ಮೂವತ್ತು ವರ್ಷ ಪುಣೆಯ ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡಿದವರು. ಕಣ್ಣು ಪೂರ್ತಿ ಹೋದ ಮೇಲೂ ಕೈಗೆ ಸಿಕ್ಕಿದ್ದನ್ನೆಲ್ಲ ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿ ನೋಡುವ ಚಟ ಹೋಗಿರಲಿಲ್ಲ. ಫೋನಿನ ಗಾಜನ್ನೂ ಹಾಗೇ ಉಜ್ಜುತ್ತಿದ್ದರು.

ಕಾಲ್ ಬಂದಾಗ ಅವರ ಫೋನು ಎತ್ತುತ್ತಿದ್ದವಳು ಅವರ ಹೆಂಡತಿ, ನನ್ನ ಅಕ್ಕ. ಹೃದಯದ ಆಪರೇಷನ್ನಿಗೆಂದು ಅವಳು ಆಸ್ಪತ್ರೆ ಸೇರಿದಳು. ಒಳಗೆ ಹೋಗುವ ಮೊದಲು ಗಂಡನ ದನಿ ಕೇಳಬೇಕು ಎಂಬುದೊಂದೇ ಅವಳ ಆಸೆ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಸೌಲಭ್ಯ ಭಾವನ ಫೋನಿನಲ್ಲೇ ಇತ್ತು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಕೆಲಸಕ್ಕೆ ಹೋಗುವ ಚಾಕಣದ ಬಸ್ಸಿನಿಂದ ಇಳಿದು ಮನೆಗೆ ವಾಪಸ್ ಬರುವ ಮನುಷ್ಯ ನಾನು. ನನಗಿಂತ ಕೆಟ್ಟ ಮೇಷ್ಟ್ರು ಇಡೀ ಪುಣೆಯಲ್ಲಿ ಸಿಗುತ್ತಿರಲಿಲ್ಲ.

"ಇಲ್ನೋಡ್ರಿ ಭಾವಾರ, ಈ ಹಸರು ಗುಂಡಂದು..."

"ಹಸರು ಎಲ್ಲದ ಅನ್ನೋದನ್ನೂ ಕಲಸ್ತಿಯೇನಪಾ?"

ನಾಲಿಗೆ ಕಚ್ಚಿಕೊಂಡೆ. ಕಣ್ಣು ಮುಚ್ಚಿ ನನ್ನ ಫೋನಿನಲ್ಲಿ ನಾನೇ ಮಾಡಿ ನೋಡಿದೆ. ನಮ್ಮ ಆಫೀಸಿನ ಸಾಹೇಬರಿಗೆ ಕಾಲ್ ಹೋಯಿತು. ಭಾವ ಬಹಳ ದಿನದ ಮೇಲೆ ನಕ್ಕರು.

ಆಮೇಲೆ ಅವರ ಅಂಗಡಿಯ ಭಾಷೆ ಹಿಡಿದೆ. ಒಂದು ಬೆರಳು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಗಿರಾಕಿಗೆ ಒಂದು ಸೀರೆ ಸರಿಸಿ ಮುಂದಿನದು ತೋರಿಸಿದ ಹಾಗೆ. ಅದು ತಟ್ಟನೆ ತಿಳಿಯಿತು. ಕಾಲ್ ಬಂದರೆ ಎರಡು ಬೆರಳು ಜೋಡಿಸಿ ಗಾಜಿನ ಮೇಲೆ ಎಲ್ಲಾದರೂ ಎರಡು ಸಲ ತಟ್ಟಬೇಕು. ಇದು ಮಾತ್ರ ಬರಲೊಲ್ಲದು. ಒತ್ತಿ ಹಿಡಿದು ನೇಯ್ಗೆ ನೋಡುತ್ತಿದ್ದರು.

"ಸೀರಿ ಅಲ್ರಿ ಅದು! ಟಕಟಕ ತಟ್ರಿ. ಆಗಲಿಲ್ಲ ಅಂದ್ರ ಮತ್ತ ತಟ್ರಿ, ಬಿಡಬ್ಯಾಡ್ರಿ."

ಹಾಗೆ ಮತ್ತೆ ತಟ್ಟಿದರೆ ಎತ್ತಿದ ಕಾಲ್ ಕಟ್ ಆಗುತ್ತದೆ. ನನಗೆ ಗೊತ್ತಿತ್ತು. ಒಂದೇ ದಿನ ಎಲ್ಲ ತುರುಕುವುದು ಬೇಡವೆಂದು ಅದನ್ನು ನಾಳೆಗೆ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಆಪರೇಷನ್. ವಾರ್ಡಿನೊಳಗೆ ಒಬ್ಬರನ್ನೇ ಬಿಡುತ್ತಿದ್ದರು. ನಾನಿದ್ದೆ, ಭಾವ ಮನೆಯಲ್ಲಿದ್ದರು. ಅಕ್ಕ ಫೋನ್ ಹಚ್ಚಿದಳು. ಆ ಕಡೆ ಎತ್ತಿದರು, ಕಟ್ ಆಯಿತು. ಮತ್ತೆ ಹಚ್ಚಿದಳು. ಎತ್ತಿದರು, ಕಟ್. ಹೀಗೆ ನಾಲ್ಕು ಸಲ.

"ತಮ್ಮಾ, ಅವ್ರು ಸಿಟ್ಟಾಗ್ಯಾರೇನೋ? ಆಪರೇಷನ್ ಬ್ಯಾಡ ಅಂದಿದ್ರು. ನಾನ ಹಟಾ ಮಾಡಿದೆ."

"ಚಲಾ ಆಜಿ," ಎಂದು ಮರಾಠಿಯಲ್ಲಿ ಅವಸರಿಸುತ್ತ ನರ್ಸ್ ಸ್ಟ್ರೆಚರ್ ತಳ್ಳಿದಳು. "ಸಿಟ್ಟಿಲ್ಲ" ಎಂದಿದ್ದರೆ ಸಾಕಿತ್ತು. ನಾನೋ, "ಅದು ಹಂಗಲ್ಲಕ್ಕಾ, ಎರಡು ಬೆರಳಿಂದ ಎರಡು ಸಲ ತಟ್ಟಿದ್ರ..." ಎಂದು ಪಾಠ ಒಪ್ಪಿಸುತ್ತ ಪಕ್ಕದಲ್ಲಿ ಓಡಿದೆ. ಮಾತು ಮುಗಿಯುವ ಮೊದಲೇ ಬಾಗಿಲು ಮುಚ್ಚಿತು.

ಅಕ್ಕ ಆ ಸಂಜೆಯೇ ತೀರಿಕೊಂಡಳು.

ದಿನಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಭಾವ ತಾವೇ ಬೆರಳು ಸರಿಸುತ್ತ ಕೂತಿದ್ದರು. ಫೋನು ಭಾವವಿಲ್ಲದ ದನಿಯಲ್ಲಿ ಕಾಲ್‌ಗಳ ಪಟ್ಟಿ ಓದುತ್ತಿತ್ತು. ಮನಿಯಾಕಿ, ಎರಡು ಸೆಕೆಂಡ್. ಮನಿಯಾಕಿ, ಒಂದು ಸೆಕೆಂಡ್.

"ನಾ ಎತ್ತೀನಲ್ಲೋ. ಅಕಿ ಯಾಕ ಮಾತಾಡ್ಲಿಲ್ಲ?"

"ನಾನ ತಪ್ಪು ಕಲಿಸಿದ್ನಿರಿ. ಎತ್ತಿದ ಮ್ಯಾಲ ಮತ್ತ ತಟ್ಟಿದ್ರ ಕಟ್ ಆಗ್ತದ."

ಅವರು ಫೋನು ತೊಡೆಯ ಮೇಲೆ ಬೋರಲು ಹಾಕಿದರು.

"ಇದು ಅಕಿಗೆ ಗೊತ್ತಾತೇನು?"

"ಹೇಳಿದ್ನಿರಿ," ಅಂದೆ.

ಎಷ್ಟು ಹೇಳಿದೆ, ಅವಳು ಏನಂದಳು ಎಂದು ಭಾವ ಕೇಳಲಿಲ್ಲ. ಪ್ರತಿ ರವಿವಾರ ಅವರಲ್ಲಿಗೆ ಹೋಗುತ್ತೇನೆ, ಇವತ್ತು ಕೇಳಿಯಾರು ಎಂದು ಅಂಜುತ್ತಲೇ.