ಅವ್ವನಿಗೆ ಚಾಚಿದ ಅಂಗೈ

ಅಕ್ಕಾ, ಅವ್ವನಿಗೆ ಕೊರೊನಾ ತಂದವಳು ನೀನಲ್ಲ. ನಾನು. ಇಷ್ಟು ವರ್ಷ ಅದನ್ನು ನಿನ್ನ ತಲೆಗೆ ಕಟ್ಟಿ, ಸವಣೂರಿನಲ್ಲಿ ಆರಾಮವಾಗಿ ಶೇವು-ಖಾರ ಕರಿದು ಮಾರಿಕೊಂಡಿದ್ದೆ.

ಆಗಿನ ನನ್ನ ಮಡಿ ನಿನಗೆ ಗೊತ್ತಲ್ಲ — ಹಾಲಿನ ಪಾಕೀಟು ಸಾಬೂನು ಹಚ್ಚಿ ತೊಳೆಯುತ್ತಿದ್ದೆ, ನೋಟುಗಳನ್ನು ಬಿಸಿಲಿಗೆ ಹಾಕುತ್ತಿದ್ದೆ, ಅವ್ವನನ್ನು ಎಲೆತೋಟದ ತನಕ ಅಡ್ಡಾಡಲೂ ಬಿಡಲಿಲ್ಲ. ನಿನಗೂ ಬರಬೇಡ ಅಂದಿದ್ದೆ. ‘ಮಗ ಅಂದ್ರ ಹಿಂಗಿರಬೇಕು’ ಎಂದು ಓಣಿಯವರು ಅಂದರೆ ಉಬ್ಬುತ್ತಿದ್ದೆ. ಡಾಕ್ಟರು ಒಮ್ಮೆ ನನ್ನೊಬ್ಬನನ್ನೇ ಕೂರಿಸಿಕೊಂಡು ಹೇಳಿದ್ದರು: “ಜಡ್ಡು ಇವತ್ತಿಲ್ಲ ನಾಳೆ ಎಲ್ಲಾರ ಮನೀಗೂ ಬರೂದ ಐತ್ರಿ. ಬಂದಾಗ ನಿಮ್ಮವ್ವಾರು ತಡಕೊಳ್ಳೂವಂಗ ಇರಬೇಕು. ಬಿ.ಪಿ. ಭಾಳ ಐತಿ, ಉಪ್ಪು, ಕರದದ್ದು ಬಿಡಸ್ರಿ. ದಿನಾ ಅಡ್ಡಾಡ್ಲಿ. ಮದ್ಲ ಕೊರೊನಾ ಸೂಜಿ ಹಾಕಸ್ರಿ.”

ಅದರಲ್ಲಿ ಒಂದು ಮಾತನ್ನೂ ಮನೆಯಲ್ಲಿ ಹೇಳಲಿಲ್ಲ. ಸೂಜಿಯ ಪಾಳಿಯಲ್ಲಿ ನಿಂತರೇ ಜಡ್ಡು ಅಂಟುತ್ತದೆ ಅಂದೆ. ಕದ ಹಾಕಿದರೆ ಸಾಕು — ಇದು ನನ್ನ ಶಾಣ್ಯಾತನ. ಇನ್ನು ಉಪ್ಪು? ಪ್ರತಿ ಕಡಾಯಿಯ ಖಾರವನ್ನು ಮೊದಲು ನಾನು ಬಾಯಿಗೆ ಹಾಕಿಕೊಂಡು, ಅಂಗೈಯಲ್ಲಿ ಉಳಿದದ್ದನ್ನು ಅವ್ವನಿಗೆ ತಿನ್ನಿಸುವುದು ಅಪ್ಪನ ಕಾಲದಿಂದ ಬಂದ ರೂಢಿ. ಅವಳು ಹೂಂ ಅಂದರೇ ಅದು ಅಂಗಡಿಗೆ ಹೋಗಬೇಕು. ಹಾಲಿನ ಪಾಕೀಟು ತೊಳೆದವನು ಈ ಅಂಗೈಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಒಂದು ಮುಂಜಾನೆ ಖಾರ ಬಾಯಿಗೆ ಹಾಕಿಕೊಂಡೆ — ಏನೂ ಇಲ್ಲ. ಉಪ್ಪಿಲ್ಲ, ಕರಿದ ಬಳ್ಳೊಳ್ಳಿಯ ವಾಸನೆಯೂ ಇಲ್ಲ. ಅದೇನೆಂದು ನನಗೆ ಗೊತ್ತಿತ್ತು, ಅಕ್ಕಾ. ಗೊತ್ತಿತ್ತು. ಆದರೆ ಹೇಳಿದರೆ ಅಂಗಡಿ ಮುಚ್ಚಿಸುತ್ತಾರೆ, ಇಷ್ಟು ಮಡಿ ಮಾಡಿದವನಿಗೇ ಬಂತೆಂದು ಓಣಿ ನಗುತ್ತದೆ… ಅದೇ ಅಂಗೈಯನ್ನು ಅವ್ವನಿಗೆ ಚಾಚಿದೆ.

“ಯವ್ವಾ, ಉಪ್ಪ ನೋಡಬೇ.”

ಅವ್ವ ತಿಂದು ನೋಡಿದಳು. “ಭಾಳ ಆಗೇತೋ,” ಅಂದಳು.

ನೀನು ಹಿರೇಕೆರೂರಿನಿಂದ ಬಂದದ್ದು ಅದರ ಮರುದಿನ. ಅವ್ವನ ತಲೆ ಬಾಚಿ ಸಂಜೆಯ ಬಸ್ಸಿಗೇ ಹೋದದ್ದು. ವಾರದೊಳಗೆ ಅವ್ವನಿಗೆ ಉಸಿರು ಸಿಗದಾಯಿತು. ನನಗೆ ಒಂದಿಷ್ಟು ಮೈಕೈ ನೋವು, ಅಷ್ಟೇ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಎಲ್ಲರೆದುರು ನಿನಗೆ ಅಂದೆ: “ಬರಬ್ಯಾಡಂದ್ರೂ ಬಂದಿ. ಜಡ್ಡು ಕೊಟ್ಟ ಹೋದಿ.”

ಹೋದ ತಿಂಗಳು ನಿನ್ನ ಬಾಣಂತಿ ಮಗಳನ್ನು ಮಾತಾಡಿಸಲು ಬಂದಿದ್ದೆನಲ್ಲ. ಕೂಸು ಅಳುತ್ತಿತ್ತು. ನೀನು ಬಾಗಿಲಲ್ಲೇ ನಿಂತಿದ್ದೆ, ಎತ್ತಿಕೊಳ್ಳಲಿಲ್ಲ. ಯಾಕೆಂದು ಕೇಳಿದರೆ, “ನನ್ನ ಕೈಗುಣ ಚಲೋ ಇಲ್ಲೋ ತಮ್ಮಾ,” ಎಂದೆ ನೀನು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು — ಚಹಾ ಕುಡಿದು ಬಸ್ಸು ಹತ್ತಿದೆ. ಇಂಥ ಹೇಡಿ ನಾನು.

ನಾಳೆ ಬರುತ್ತೇನೆ. ನಿನ್ನ ಮಗಳು, ಅಳಿಯ, ಬೀಗರು ಎಲ್ಲರೂ ಕೇಳುವಂತೆ ಹೇಳುತ್ತೇನೆ. ನನ್ನನ್ನು ಒಳಗೆ ಕರೆಯಬೇಡ. ಕೂಸನ್ನು ಎತ್ತಿಕೋ.