ಸತ್ತ ಸೆಣಬಿಗೆ ಕೊಟ್ಟ ವಿವರಣೆ

ಬ್ಯಾಂಕಿನ ಕೃಷಿ ಅಧಿಕಾರಿಯಾಗಿದ್ದ ನನಗೆ ವಿಜಾಪುರದಿಂದ ಮಹಾರಾಷ್ಟ್ರದ ಸಿನ್ನರಿಗೆ ವರ್ಗವಾದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಅಲ್ಲಿನ ರೈತರು ಗೋವಿನಜೋಳಕ್ಕೆ ಚೀಲಗಟ್ಟಲೆ ಯೂರಿಯಾ ಸುರಿಯುತ್ತಿದ್ದರು. ಮೊದಲು ಸೆಣಬು ಬೆಳೆದು, ಹೂ ಬಿಡುವ ಹೊತ್ತಿಗೆ ಅದನ್ನು ಹಸಿರು ಗೊಬ್ಬರವಾಗಿ ಮಣ್ಣಿಗೆ ಮಗುಚಿದರೆ ಅರ್ಧ ಯೂರಿಯಾ ಸಾಕೆಂದು ನಾನು ಹಳ್ಳಿಹಳ್ಳಿ ಹೇಳಿಕೊಂಡು ತಿರುಗಿದೆ. ಒಪ್ಪಿದವನು ಒಬ್ಬ ಅಜ್ಜ ಮಾತ್ರ. ಅರ್ಧ ಹೊಲ ನನ್ನ ಮಾತಿನಂತೆ, ಇನ್ನರ್ಧ ಅವನ ಮನಸ್ಸಿನಂತೆ ಎಂದು ಕರಾರಾಯಿತು.

ಸೆಣಬು ಎದೆಯೆತ್ತರ ಬಂತು. ಯೋಜನೆಯ ತಪಾಸಣೆಗೆ ಬ್ಯಾಂಕಿನ ನಾಶಿಕ ಕಚೇರಿಯಿಂದ ಬರಬೇಕಿದ್ದ ಸಾಹೇಬರು ಹೇಳಿದ ದಿನ ಬರಲಿಲ್ಲ. ಹೂ ಕಾಣಿಸಿಕೊಂಡಾಗ ಮಗುಚಿಬಿಟ್ಟೆವು. ಮರುವಾರ ಜೀಪು ಬಂತು. ಸಾಹೇಬರು ಧಾರವಾಡದವರು.

"ಬೆಳಿ ಎಲ್ಲದ ರೀ?"

"ಒಳಗದ ರೀ ಸರ್. ನೀವು ನಿಂತೀರಲ್ಲ, ಅಲ್ಲೇ ಕೆಳಗ."

ಅವರು ಒಂದು ಹೆಜ್ಜೆ ಸರಿದು ನಿಂತರು. "ಫಾರ್ಮಿನ್ಯಾಗ ಎತ್ತರ ಬರೀಬೇಕು. ಏನಂತ ಬರೀಲಿ? ಅಗದು ತೋರಸ್ರಿ."

ಅಜ್ಜನಿಗೆ ಮರಾಠಿಯಲ್ಲಿ ತಿಳಿಸಿದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ಗುದ್ದಲಿ ತಂದು, ವಾರದ ಹಿಂದೆ ತಾನೇ ಹೂತದ್ದನ್ನು ಅಗೆದು ಕೊಟ್ಟ. ಸಾಹೇಬರು ಅರೆಕೊಳೆತ ಕಾಂಡದ ತುಂಡೊಂದನ್ನು ಟೇಪು ಹಿಡಿದು ಅಳೆದರು. ಎತ್ತರದ ಜಾಗದಲ್ಲಿ ಎರಡು ಅಡಿ ಎಂದೂ ಬೆಳೆಯ ಸ್ಥಿತಿ ಎಂಬಲ್ಲಿ 'ಸತ್ತಿದೆ' ಎಂದೂ ಬರೆದುಕೊಂಡರು.

ತಿಂಗಳೊಳಗೆ ನನಗೆ ಪತ್ರ ಬಂತು: ಬೆಳೆ ಸತ್ತದ್ದಕ್ಕೆ ಕಾರಣ ತಿಳಿಸಿ. ಯೋಜನೆಯ ಪ್ರಕಾರ ನಾವೇ ಕೊಂದೆವು ಎಂದು ಉತ್ತರಿಸಿದೆ. ಹಾಗಿದ್ದರೆ ಕೊಂದವರಿಂದ ವಿವರಣೆ ಪಡೆಯಿರಿ ಎಂದು ಮರುಪತ್ರ. ಹಾಳೆ ಹಿಡಿದು ಅಜ್ಜನ ಮನೆಗೆ ಹೋದೆ. ಅವನು ಚಹಾ ಕೊಟ್ಟು ಮರಾಠಿಯಲ್ಲಿ ಹೇಳತೊಡಗಿದ.

"ಬರೀರಿ ಸಾಹೇಬ. ಬ್ಯಾಂಕಿನವರು ಹೇಳಿದರು, ನಾನು ಕೊಂದೆ. ಎತ್ತುಗಳೂ ಜೊತೆಗಿದ್ದವು."

ಹಾಗೆಯೇ ಬರೆದು, ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಗೋವಿನಜೋಳ ಮೊಣಕಾಲೆತ್ತರ ಬಂದಾಗ ಸೆಣಬಿನ ಭಾಗಕ್ಕೆ ಅರ್ಧ ಯೂರಿಯಾವನ್ನಷ್ಟೇ, ಅಜ್ಜನ ಭಾಗಕ್ಕೆ ಎಂದಿನಷ್ಟನ್ನೂ ಹಾಕಿದೆವು. ನನಗೆ ಒಳಗೊಳಗೇ ಹೆದರಿಕೆ. ದಿನ ಬಿಟ್ಟು ದಿನ ಸೈಕಲ್ ಹೊಡೆದು ಹೋಗಿ ಎರಡೂ ಕಡೆಯ ಎಲೆ ಹೋಲಿಸಿ ನೋಡುತ್ತಿದ್ದೆ. ತೆನೆ ಮುರಿದ ದಿನ ಎರಡು ರಾಶಿಗಳೂ ಹೆಚ್ಚುಕಡಿಮೆ ಒಂದೇ ಎತ್ತರ ಇದ್ದವು. ಉಳಿದ ಯೂರಿಯಾ ಚೀಲದ ಮೇಲೆ ಕೂತು ಅಜ್ಜ ಬೀಡಿ ಹಚ್ಚಿದ.

"ಮುಂದಿನ ವರ್ಷ ಪೂರಾ ಹೊಲಕ್ಕೆ ಸೆಣಬು. ನಿಮ್ಮ ಕಚೇರಿಗೆ ಮಾತ್ರ ಹೇಳಬೇಡಿ."

ನಾನು ಹೇಳಲಿಲ್ಲ. ಆ ಬೇಸಿಗೆಯಲ್ಲಿ ಪಕ್ಕದ ಹೊಲದ ಇಬ್ಬರು ಸೆಣಬಿನ ಬೀಜ ಕೇಳಿಕೊಂಡು ಬಂದರು. ಬರವಣಿಗೆಯ ಕೆಲಸ ಏನಾದರೂ ಇದೆಯೇ ಎಂದು ಮೊದಲೇ ವಿಚಾರಿಸಿದರು.